ವೆಸ್ಟ್ ಎಂಡ್‌ನಲ್ಲಿ ಮನೆ ಹುಡುಕುವ ಮುಂಚೆ ನದಿಯ ಲೆಕ್ಕ ತಿಳಿದುಕೊಳ್ಳಿ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಓದಲಿಕ್ಕೋ ಕೆಲಸಕ್ಕೋ ಬರುವವರು ಮನೆ ಹುಡುಕಲು ಕೂತರೆ ಸ್ವಲ್ಪ ಹೊತ್ತಿಗೇ ವೆಸ್ಟ್ ಎಂಡ್ ಎಂಬ ಹೆಸರು ಎದುರಾಗುತ್ತದೆ. ನಗರದ ನಡುಭಾಗಕ್ಕೆ ಎರಡು ಮೂರು ಕಿಲೋಮೀಟರ್. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ನದಿಯ ಆಚೆ ದಡದಲ್ಲೇ ಇದೆ, ದೋಣಿ ಹತ್ತಿದರೆ ಒಂದೇ ಸ್ಟಾಪ್. ಜಾಹೀರಾತಿನ ಫೋಟೋಗಳಲ್ಲಿ ಬಾಲ್ಕನಿ, ಅದರಾಚೆ ಬಿಸಿಲಿಗೆ ಮಿನುಗುವ ನದಿ. ಬಾಡಿಗೆ ಜಾಸ್ತಿ, ಆದರೂ ಜನ ಮುಗಿಬೀಳುತ್ತಾರೆ. ಆದರೆ ಇಲ್ಲಿ ಪಕ್ಕಪಕ್ಕದ ಎರಡು ಬೀದಿಗಳಲ್ಲಿ ಒಂದು ನೆರೆಯಲ್ಲಿ ಮುಳುಗಿರುತ್ತದೆ, ಇನ್ನೊಂದರಲ್ಲಿ ಜನ ವರಾಂಡದಲ್ಲಿ ನಿಂತು ನೋಡುತ್ತಿರುತ್ತಾರೆ. ಇದು ಯಾಕೆ ಹೀಗೆ ಅಂತ ಅರ್ಥವಾದರೆ ಈ ಬಡಾವಣೆಯ ಅರ್ಧ ಕಥೆ ಅರ್ಥವಾದ ಹಾಗೆ.

ಮೊದಲು ನೆಲದ ಆಕಾರ ನೋಡೋಣ. ಬ್ರಿಸ್ಬೇನ್ ನದಿ ನಗರದೊಳಗೆ ನೆಟ್ಟಗೆ ಹರಿಯುವುದೇ ಇಲ್ಲ, ಸುತ್ತಿ ಬಳಸಿ ಹೋಗುತ್ತದೆ. ಅಂಥ ಒಂದು ದೊಡ್ಡ ತಿರುವಿನ ಒಳಗೆ ಚಾಚಿಕೊಂಡ ನೆಲವೇ ವೆಸ್ಟ್ ಎಂಡ್ ಮತ್ತು ಅದರ ಪಕ್ಕದ ಸೌತ್ ಬ್ರಿಸ್ಬೇನ್, ಹೈಗೇಟ್ ಹಿಲ್. ಹೈಗೇಟ್ ಹಿಲ್ ಹೆಸರಿಗೆ ತಕ್ಕಂತೆ ಗುಡ್ಡ. ಅಲ್ಲಿಂದ ಡಾರ್ನಾಕ್ ಟೆರೇಸ್ ಎಂಬ ರಸ್ತೆ ಏರಿನ ಮೇಲೇ ಸಾಗುತ್ತದೆ. ಗುಡ್ಡದಿಂದ ನದಿಯ ಕಡೆ ಇಳಿದರೆ ಮಾಂಟೆಗ್ಯು ರೋಡ್ ಸಿಗುತ್ತದೆ. ಅದರ ಆಚೀಚೆ ಬಹಳಷ್ಟು ಜಾಗ ತಗ್ಗು, ನದಿಯೇ ಹಿಂದೆ ಹೂಳು ತಂದು ಹಾಸಿದ ನೆಲ. ನಡೆದು ನೋಡಿದರೆ ಇಳಿಜಾರು ಅಂತ ಗೊತ್ತೇ ಆಗುವುದಿಲ್ಲ. ನೀರಿಗೆ ಮಾತ್ರ ಗೊತ್ತಾಗುತ್ತದೆ.

ಬಿಳಿಯರು ಬರುವ ಮುಂಚೆ ಈ ಕಡೆಗೆ ಕುರಿಲ್ಪಾ ಅಂತ ಹೆಸರು, ನೀರಿಲಿಗಳ ಜಾಗ. ಟರ್ಬಲ್ ಮತ್ತು ಯಗರ ಜನರ ನೆಲ ಇದು. ನಗರ ಬೆಳೆದಂತೆ ಅವರನ್ನು ಅಂಚಿಗೆ ತಳ್ಳಿದರು. ವೆಸ್ಟ್ ಎಂಡ್‌ನ ಮುಖ್ಯ ಬೀದಿ ಬೌಂಡರಿ ಸ್ಟ್ರೀಟ್. ಕಾಫಿ, ಪುಸ್ತಕ, ಹಳೆ ಬಟ್ಟೆ ಅಂಗಡಿ, ದೊಡ್ಡ ಉಡದ ಶಿಲ್ಪ, ಎಲ್ಲ ಇರುವುದು ಅಲ್ಲೇ. ಆ ಬೌಂಡರಿ ಅಂದರೆ ಮೂಲನಿವಾಸಿಗಳನ್ನು ಸಂಜೆಯಾದ ಮೇಲೆ ಮತ್ತು ಭಾನುವಾರಗಳಲ್ಲಿ ಊರಿನಿಂದ ಹೊರಗಿಡಲು ಎಳೆದ ಗೆರೆ. 2016ರಲ್ಲಿ ಕೆಲವರು ಬೀದಿಫಲಕಗಳ ಮೇಲೆ ಅಕ್ಷರ ಬದಲಿಸಿ 'ಬೌಂಡ್‌ಲೆಸ್ ಸ್ಟ್ರೀಟ್' ಅಂತ ಮಾಡಿದ್ದರು. ಹೆಸರು ಬದಲಾಗಬೇಕು ಅನ್ನುವ ಒತ್ತಾಯ ಹಳೆಯದು. ಪಕ್ಕದ ಮಸ್‌ಗ್ರೇವ್ ಪಾರ್ಕ್ ಮೂಲನಿವಾಸಿಗಳು ಸೇರುವ, ಹೋರಾಟ ನಡೆಸುವ ಜಾಗ. 2012ರಲ್ಲಿ ಹಕ್ಕುಗಳಿಗಾಗಿ ಪ್ರತಿಭಟಿಸಿ ಅಲ್ಲಿ ಹಾಕಿದ್ದ 'ಟೆಂಟ್ ರಾಯಭಾರ ಕಚೇರಿ' ಎಂಬ ಶಿಬಿರವನ್ನು ಪೊಲೀಸರು ತೆರವು ಮಾಡಿದ್ದು ದೇಶವೆಲ್ಲ ಸುದ್ದಿಯಾಗಿತ್ತು.

ಇಪ್ಪತ್ತನೇ ಶತಮಾನದ ಬಹುಪಾಲು ಇದು ಕೂಲಿಕಾರರ, ಕಾರ್ಖಾನೆಗಳ ಬಡಾವಣೆ. ಗ್ಯಾಸ್ ಘಟಕ, ಐಸ್‌ಕ್ರೀಮ್ ಫ್ಯಾಕ್ಟರಿ, ಬೂಟು ಹೊಲಿಯುವ ಕಾರ್ಖಾನೆ. ಆ ಬೂಟು ಕಾರ್ಖಾನೆ 1908ರದ್ದು, ಇವತ್ತು ಅದೇ ಇಟ್ಟಿಗೆ ಕಟ್ಟಡ ಥಾಮಸ್ ಡಿಕ್ಸನ್ ಸೆಂಟರ್ ಎಂಬ ಹೆಸರಲ್ಲಿ ಕ್ವೀನ್ಸ್‌ಲ್ಯಾಂಡ್ ಬ್ಯಾಲೆ ತಂಡದ ಮನೆ. ಐಸ್‌ಕ್ರೀಮ್ ಫ್ಯಾಕ್ಟರಿ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳೂ ಅಂಗಡಿಗಳೂ ಎದ್ದಿವೆ. ಬಾಡಿಗೆ ಅಗ್ಗವಿದ್ದ ಕಾಲದಲ್ಲಿ ಗ್ರೀಕರು ಬಂದು ನೆಲೆಸಿದರು, ಆಮೇಲೆ ವಿಯೆಟ್ನಾಮಿನವರು. ಮಸ್‌ಗ್ರೇವ್ ಪಾರ್ಕಿನಲ್ಲಿ ಪಾನಿಯಿರಿ ಎಂಬ ಗ್ರೀಕ್ ಜಾತ್ರೆ 1976ರಿಂದ ನಡೆಯುತ್ತಿದೆ. ವಿದ್ಯಾರ್ಥಿಗಳು, ಕಲಾವಿದರು, ಚಳವಳಿಯವರು ಸೇರಿಕೊಂಡರು. ಆಮೇಲೆ ಏನಾಯಿತು ಅಂತ ಊಹಿಸಬಹುದು ಅಲ್ವಾ? ಜಾಗ ಚೆನ್ನಾಗಿದೆ ಅಂತ ದುಡ್ಡಿದ್ದವರಿಗೂ ಗೊತ್ತಾಯಿತು.

ಈಗಲೂ ಇಲ್ಲಿ ದಿನ ಕಳೆಯುವುದು ಸುಖವೇ. ಶನಿವಾರ ಬೆಳಗ್ಗೆ ಡೇವಿಸ್ ಪಾರ್ಕಿನ ದೊಡ್ಡ ಅತ್ತಿಜಾತಿಯ ಮರಗಳ ಕೆಳಗೆ ಸಂತೆ, ತರಕಾರಿ ಹಣ್ಣು ತಿಂಡಿ ಎಲ್ಲ ಸಿಗುತ್ತದೆ, ಸ್ವಲ್ಪ ತಡವಾಗಿ ಹೋದರೆ ನಿಲ್ಲಲೂ ಜಾಗವಿರುವುದಿಲ್ಲ. ಆರ್ಲೀ ಪಾರ್ಕಿನ ಹತ್ತಿರ ಸಿಟಿಕ್ಯಾಟ್ ದೋಣಿ ಹತ್ತಬಹುದು. ಈ ದೋಣಿಗಳು 1996ರಿಂದ ಓಡುತ್ತಿವೆ. 2024ರ ಆಗಸ್ಟ್‌ನಿಂದ ರಾಜ್ಯದ ಸಾರ್ವಜನಿಕ ಸಾರಿಗೆಗೆಲ್ಲ 50 ಸೆಂಟ್ ಟಿಕೆಟ್ ಆದಮೇಲೆ, ಕೆಲಸವಿಲ್ಲದಿದ್ದರೂ ಸುಮ್ನೆ ದೋಣಿ ಹತ್ತಿ ಸುತ್ತಿ ಬರುವವರು ಇದ್ದಾರೆ. ಮಕ್ಕಳಿರುವ ನಮ್ಮ ಕಡೆಯವರು ಮೊದಲು ಕೇಳುವುದು ಶಾಲೆಯ ವಿಷಯ. ಬ್ರಿಸ್ಬೇನ್ ಸ್ಟೇಟ್ ಹೈಸ್ಕೂಲ್ ಸರ್ಕಾರಿ ಶಾಲೆ, 1921ರಿಂದ ಇದೆ, ಹೆಸರು ದೊಡ್ಡದು. ಪರೀಕ್ಷೆ ಮತ್ತಿತರ ದಾರಿಯಲ್ಲೂ ಸೇರಿಸಿಕೊಳ್ಳುತ್ತಾರೆ, ಶಾಲೆಗೆ ಗೊತ್ತುಮಾಡಿದ ಪ್ರದೇಶದ ಗೆರೆಯೊಳಗೆ ವಾಸಿಸುವವರಿಗೂ ಸೀಟು ಕೊಡುತ್ತಾರೆ. ಆ ಗೆರೆಯೊಳಗೆ ಮನೆ ಬೇಕು ಅಂತಲೇ ಇಲ್ಲಿನ ಬಾಡಿಗೆ ಏರುವುದೂ ಉಂಟು. ಗೆರೆ ಯಾವ ಬೀದಿಯವರೆಗೆ ಅಂತ ಕರಾರಿಗೆ ಸಹಿ ಹಾಕುವ ಮುಂಚೆ ನೀವೇ ನಕ್ಷೆಯಲ್ಲಿ ನೋಡಿಕೊಳ್ಳಿ, ಏಜೆಂಟರ ಮಾತು ನಂಬಿ ಕೂರಬೇಡಿ.

ಹಳೆಯ ಮನೆಗಳ ವಿಷಯ ಹೇಳಲೇಬೇಕು. ಮರದ ಗೋಡೆ, ತಗಡಿನ ಮಾಡು, ಸುತ್ತ ವರಾಂಡ, ಇಡೀ ಮನೆ ಕಂಬಗಳ ಮೇಲೆ. ಇದಕ್ಕೆ ಕ್ವೀನ್ಸ್‌ಲ್ಯಾಂಡರ್ ಅನ್ನುತ್ತಾರೆ. ಕೆಳಗೆ ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ, ಇಳಿಜಾರಿನಲ್ಲಿ ನೆಲ ಅಗೆಯದೆ ಕಟ್ಟಬಹುದು. ನೆರೆ ಬಂದರೆ ನೀರು ಕೆಳಗಿನಿಂದ ಹಾದುಹೋಗುತ್ತದೆ, ಎಷ್ಟೋ ಸಲ ಮೇಲಿನ ಮನೆ ಒಣಗಿಯೇ ಉಳಿಯುತ್ತದೆ. ಎಡವಟ್ಟು ಆಗಿರುವುದು ಏನೆಂದರೆ, ನಂತರ ಬಂದವರು ಆ ಖಾಲಿ ಜಾಗಕ್ಕೆ ಗೋಡೆ ಕಟ್ಟಿ ರೂಮು, ಬಾತ್‌ರೂಮು ಮಾಡಿದರು. ಕಂಬಗಳ ಉಪಯೋಗವೇ ಹೋಯಿತು. ನಿಮಗೆ ಬಾಡಿಗೆಗೆ ಸಿಗುತ್ತಿರುವುದು ಅಂಥ ಕೆಳಗಿನ ರೂಮೇ ಆದರೆ ಮೇಲಿನ ಮನೆಯವರ ಅದೃಷ್ಟ ನಿಮಗಿರುವುದಿಲ್ಲ. 1946 ಅಥವಾ ಅದಕ್ಕೂ ಮುಂಚೆ ಕಟ್ಟಿದ ಇಂಥ ಮನೆಗಳನ್ನು ರಕ್ಷಿತ ಬೀದಿಗಳಲ್ಲಿ ಕೌನ್ಸಿಲ್, ಅಂದರೆ ನಗರದ ಪಾಲಿಕೆಯ ಒಪ್ಪಿಗೆಯಿಲ್ಲದೆ ಕೆಡವುವಂತಿಲ್ಲ. ಹಾಗಾಗಿ ಗುಡ್ಡದ ಮೇಲೆ ಹಳೆ ಮರದ ಮನೆಗಳು ಉಳಿದಿವೆ, ಹೊಸ ಎತ್ತರದ ಕಟ್ಟಡಗಳು ಹೆಚ್ಚಾಗಿ ಹಳೆ ಕಾರ್ಖಾನೆಗಳಿದ್ದ ನದಿಪಕ್ಕದ ತಗ್ಗಿಗೆ ಬಂದಿವೆ. ಅಂದರೆ ಹೆಚ್ಚು ಜನ ಸೇರಿದ್ದು ಹೆಚ್ಚು ನೀರು ಬರುವ ಕಡೆಗೆ.

ಈಗ ನದಿಗೆ ಬರೋಣ. ಇದು ಒಳನಾಡಿನ ಸಿಹಿನೀರಿನ ಹೊಳೆ ಅಂದುಕೊಂಡರೆ ತಪ್ಪು. ಸಮುದ್ರದ ಉಬ್ಬರ ಇಳಿತ ನಗರವನ್ನು ದಾಟಿ 80 ಕಿಲೋಮೀಟರ್‌ಗೂ ಮೇಲಕ್ಕೆ, ಮೌಂಟ್ ಕ್ರಾಸ್ಬಿ ಅಡ್ಡಗಟ್ಟೆಯ ತನಕ ಹೋಗುತ್ತದೆ. ವೆಸ್ಟ್ ಎಂಡ್ ದಡದಲ್ಲಿ ಕಾಂಡ್ಲಾ ಗಿಡಗಳಿವೆ, ಅವನ್ನು ಕಾನೂನು ಕಾಪಾಡುತ್ತದೆ, ನೋಟಕ್ಕೆ ಅಡ್ಡ ಬಂತು ಅಂತ ಕಡಿಯುವಂತಿಲ್ಲ. ನೀರಿನಲ್ಲಿ ಬುಲ್ ಶಾರ್ಕ್‌ಗಳೂ ಇವೆ, ಈಜಲು ಇಳಿಯಬೇಡಿ. ದಿನಾ ಎರಡು ಸಲ ನೀರು ಏರುತ್ತದೆ, ಇಳಿಯುತ್ತದೆ. ಇದು ಯಾಕೆ ಮುಖ್ಯ ಅಂದರೆ, ಮೇಲಿನಿಂದ ನೆರೆ ಇಳಿಯುವ ಹೊತ್ತಿಗೇ ಸಮುದ್ರ ಉಬ್ಬರದಲ್ಲಿದ್ದರೆ ತಗ್ಗಿನ ಬೀದಿಗಳಲ್ಲಿ ನೀರು ಇನ್ನಷ್ಟು ಮೇಲೆ ನಿಲ್ಲುತ್ತದೆ.

ಬ್ರಿಸ್ಬೇನ್‌ನವರು ನೆರೆಯನ್ನು ಒಂದು ಅಳತೆಯಲ್ಲಿ ಹೇಳುತ್ತಾರೆ. ನಗರದ ನಡುವೆ ಒಂದು ಮಾಪಕವಿದೆ, ಸರಾಸರಿ ಸಮುದ್ರಮಟ್ಟದಿಂದ ನೀರು ಎಷ್ಟು ಮೀಟರ್ ಏರಿತು ಅಂತ ಅದು ತೋರಿಸುತ್ತದೆ. 1893ರಲ್ಲಿ 8.35 ಮೀಟರ್. 1974ರಲ್ಲಿ 5.45. 2011ರಲ್ಲಿ 4.46. 2022ರಲ್ಲಿ 3.85. ಇಲ್ಲೊಂದು ಸೂಕ್ಷ್ಮವಿದೆ. ನೆರೆ ಬಂದಾಗ ನದಿಯ ಮೇಲ್ಮೈ ಮಟ್ಟಸವಾಗಿರುವುದಿಲ್ಲ, ಮೇಲ್ಗಡೆ ಎತ್ತರ, ಕೆಳಗಡೆ ತಗ್ಗು. ವೆಸ್ಟ್ ಎಂಡ್ ಮಾಪಕಕ್ಕಿಂತ ಮೇಲ್ಗಡೆ ಇದೆ. ಹಾಗಾಗಿ ಸುದ್ದಿಯಲ್ಲಿ ನಾಲ್ಕು ಮೀಟರ್ ಅಂದರೆ ನಿಮ್ಮ ಬೀದಿಯ ಹತ್ತಿರ ಅದಕ್ಕಿಂತ ಜಾಸ್ತಿ ಇರುತ್ತದೆ. 2011 ಮತ್ತು 2022ರ ನಡುವೆ ಬರೀ ಎರಡಡಿ ವ್ಯತ್ಯಾಸ, 1974ಕ್ಕೂ 2011ಕ್ಕೂ ಸುಮಾರು ಒಂದು ಮೀಟರ್. '2011ರಲ್ಲೇ ಇಲ್ಲಿಗೆ ನೀರು ಬರಲಿಲ್ಲ' ಅಂತ ಮಾಲೀಕರು ಹೇಳಿದರೆ ಅದು ನಿಜವೇ ಇರಬಹುದು, ಆದರೆ 1974ರಲ್ಲಿ ಏನಾಗಿತ್ತು ಅಂತಲೂ ಕೇಳಿ.

1893ರ ಫೆಬ್ರವರಿ ಒಂದೇ ತಿಂಗಳಲ್ಲಿ ನದಿ ಮತ್ತೆ ಮತ್ತೆ ಉಕ್ಕಿತು. ವಿಕ್ಟೋರಿಯಾ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು, ಇಂಡೂರೂಪಿಲ್ಲಿಯ ರೈಲು ಸೇತುವೆಯೂ ಹೋಯಿತು. ಪಲೂಮಾ ಎಂಬ ಯುದ್ಧದೋಣಿಯನ್ನು ನೀರು ಎತ್ತಿಕೊಂಡು ಹೋಗಿ ಸಸ್ಯೋದ್ಯಾನದ ಹುಲ್ಲಿನ ಮೇಲೆ ಕೂರಿಸಿತು. ಅದನ್ನು ಇಳಿಸುವುದು ಹೇಗೆ ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ, ಎರಡು ವಾರದಲ್ಲಿ ಬಂದ ಮುಂದಿನ ನೆರೆ ಅದನ್ನು ತೇಲಿಸಿಕೊಂಡು ವಾಪಸ್ ನದಿಗೆ ಬಿಟ್ಟಿತು! ವೆಸ್ಟ್ ಎಂಡ್‌ನ ಹಿಲ್ ಎಂಡ್ ಕಡೆ ನದಿದಂಡೆಯ ಮನೆಗಳು ಆ ನೆರೆಯಲ್ಲಿ ಹೋದವು. ಈಗ ಜನ ಚಾಪೆ ಹಾಸಿ ಮಕ್ಕಳ ಹುಟ್ಟುಹಬ್ಬ ಮಾಡುವ ಆರ್ಲೀ ಪಾರ್ಕ್ ಇರುವುದು ಅಲ್ಲೇ. ನದಿಪಕ್ಕದ ಅಷ್ಟು ಒಳ್ಳೆಯ ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆ ಅಂದರೆ ಉತ್ತರ ಇದು.

ಅಣೆಕಟ್ಟು ಇದೆಯಲ್ಲ, ಇನ್ನೇನು ಭಯ ಅಂತ ಕೇಳಬಹುದು. 1974ರ ಪೆಟ್ಟಿನ ನಂತರ, 1980ರ ದಶಕದ ನಡುವಿನ ಹೊತ್ತಿಗೆ ವೈವೆನ್‌ಹೋ ಅಣೆಕಟ್ಟು ಮುಗಿಯಿತು. ಅದಕ್ಕೂ ಮೇಲ್ಗಡೆ ಸಾಮರ್ಸೆಟ್ ಎಂಬ ಹಳೆಯದು ಇದೆ. ವೈವೆನ್‌ಹೋದಲ್ಲಿ ಕುಡಿಯುವ ನೀರಿನ ಭಾಗ 11.65 ಲಕ್ಷ ಮೆಗಾಲೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 41 ಟಿಎಂಸಿ. ಅಷ್ಟು ತುಂಬಿದರೆ ಅದನ್ನು 100 ಶೇಕಡಾ ಅನ್ನುತ್ತಾರೆ. ಅದರ ಮೇಲೆ ನೆರೆನೀರು ಹಿಡಿಯಲು ಬೇರೆಯೇ ಖಾಲಿ ಜಾಗ ಬಿಟ್ಟಿರುತ್ತಾರೆ. 2011ರಲ್ಲಿ ಡ್ಯಾಮ್ 190 ಶೇಕಡಾ ಅಂತ ಸುದ್ದಿ ಬಂದಾಗ ಊರಿನಿಂದ ಫೋನ್ ಮಾಡಿದವರು ಗಾಬರಿಯಾಗಿದ್ದು ಇದಕ್ಕೇ. ನೂರು ಮೀರಿದರೆ ಅಣೆಕಟ್ಟು ಒಡೆಯುತ್ತದೆ ಅಂತಲ್ಲ, ನೆರೆಗಾಗಿ ಇಟ್ಟ ಜಾಗ ತುಂಬುತ್ತಿದೆ ಅಂತ. ಅದು ತುಂಬುತ್ತಾ ಬಂದಂತೆ ಅಣೆಕಟ್ಟನ್ನು ಉಳಿಸಿಕೊಳ್ಳಲು ನೀರು ಬಿಡಲೇಬೇಕು, ಕೆಳಗಿನವರಿಗೆ ಎಷ್ಟೇ ಕಷ್ಟವಾದರೂ.

ಇನ್ನೂ ಒಂದು ಮಾತು, ಇದನ್ನು ಜನ ಮರೆಯುತ್ತಾರೆ. ನದಿಯ ಜಲಾನಯನದಲ್ಲಿ ಸುಮಾರು ಅರ್ಧ ಮಾತ್ರ ಅಣೆಕಟ್ಟಿನ ಮೇಲ್ಗಡೆ ಇದೆ. ಲಾಕಿಯರ್ ಹಳ್ಳ ಅಣೆಕಟ್ಟಿನ ಕೆಳಗೆ ಬಂದು ಸೇರುತ್ತದೆ. ಇಪ್ಸ್‌ವಿಚ್ ಊರಿನ ಮೂಲಕ ಬರುವ ಬ್ರೆಮರ್ ನದಿ ಇನ್ನೂ ಕೆಳಗೆ. ಆ ಕಡೆ ಮಳೆ ಸುರಿದರೆ ವೈವೆನ್‌ಹೋದ ಗೇಟು ಮುಚ್ಚಿಟ್ಟರೂ ನಗರಕ್ಕೆ ನೀರು ಬರುವುದು ತಪ್ಪುವುದಿಲ್ಲ.

2011ರ ನಂತರ ನೀರು ಬಿಟ್ಟ ರೀತಿ ಸರಿಯಿತ್ತೇ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಸಾವಿರಾರು ಸಂತ್ರಸ್ತರು ಒಟ್ಟಾಗಿ ಪಕ್ಕದ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ಹಾಕುವಾಗ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಂಥ ಸಾಮೂಹಿಕ ದಾವೆಗೆ ವ್ಯವಸ್ಥೆಯೇ ಇರಲಿಲ್ಲ. 2019ರಲ್ಲಿ ಕೋರ್ಟು ಅಣೆಕಟ್ಟು ನಡೆಸುವವರದ್ದು ನಿರ್ಲಕ್ಷ್ಯ ಅಂತ ತೀರ್ಪು ಕೊಟ್ಟಿತು. 2021ರಲ್ಲಿ ರಾಜ್ಯ ಸರ್ಕಾರ ಮತ್ತು ಅದರದೇ ನೀರಿನ ಕಂಪನಿ ಸನ್‌ವಾಟರ್ 44 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡವು. ಅದೇ ವರ್ಷ ಮೇಲ್ಮನವಿಯಲ್ಲಿ ಅಣೆಕಟ್ಟಿನ ಒಡೆತನದ ಸೀಕ್‌ವಾಟರ್ ಸಂಸ್ಥೆ ಗೆದ್ದಿತು. ಮಳೆ ಸುರಿಯುತ್ತಿರುವಾಗ ಗೇಟಿನ ಮುಂದೆ ನಿಂತು ಲೆಕ್ಕ ಹಾಕುವುದು ಎಷ್ಟು ಕಷ್ಟ ಅನ್ನುವುದಕ್ಕೆ ಈ ಎರಡು ತೀರ್ಪುಗಳೇ ಸಾಕ್ಷಿ, ನನಗಂತೂ ಹಾಗನ್ನಿಸುತ್ತದೆ.

ಮನೆಗೆ ನೀರು ಬರುವ ದಾರಿ ಒಂದೇ ಅಲ್ಲ. ದಡ ಮೀರಿ ನದಿ ಬರುವುದು ಎಲ್ಲರಿಗೂ ಗೊತ್ತು. ಎರಡನೆಯ ದಾರಿ ಮೋರಿ. ಬೀದಿಯ ಮಳೆನೀರು ಕೊಳವೆಗಳಲ್ಲಿ ನದಿಗೆ ಹೋಗಿ ಬೀಳುತ್ತದೆ. ನದಿ ಆ ಕೊಳವೆಯ ಬಾಯಿಗಿಂತ ಮೇಲೆ ಏರಿದರೆ ನೀರು ಹಿಂದಕ್ಕೆ ಹರಿಯುತ್ತದೆ, ನದಿ ಇನ್ನೂ ದಡದೊಳಗೇ ಇರುವಾಗ ನಿಮ್ಮ ಬೀದಿಯ ಚರಂಡಿ ಜಾಲರಿಯಿಂದ ಬುಳುಬುಳು ಅಂತ ಮೇಲೆ ಬರುತ್ತದೆ. ನದಿಯಿಂದ ಮೂರು ಬೀದಿ ಒಳಗಿರುವ ಮನೆ ಮುಳುಗಿ, ನದಿಗೆ ಹತ್ತಿರದ ಸ್ವಲ್ಪ ಎತ್ತರದ ಮನೆ ಉಳಿಯುವುದು ಹೀಗೆ. 2011ರ ನಂತರ ಕೌನ್ಸಿಲ್ ನಗರದ ಹಲವು ಕಡೆ ಕೊಳವೆಗಳಿಗೆ ಒಮ್ಮುಖ ಕವಾಟ ಹಾಕಿದೆ. ನದಿ ಏರಿದಾಗ ಕವಾಟ ಮುಚ್ಚಿಕೊಳ್ಳುತ್ತದೆ, ಒಳ್ಳೆಯದೇ. ಆದರೆ ಅದೇ ಹೊತ್ತಿಗೆ ಇಲ್ಲೂ ಮಳೆ ಸುರಿಯುತ್ತಿದ್ದರೆ ಆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ತಗ್ಗಿನಲ್ಲೇ ನಿಲ್ಲುತ್ತದೆ. ಮೂರನೆಯದು ಗುಡ್ಡದಿಂದ ರಸ್ತೆ, ಹಿತ್ತಿಲು ಹಿಡಿದು ಇಳಿಯುವ ನೀರು. ಇದಕ್ಕೆ ನದಿಯೇ ಬೇಕಿಲ್ಲ, ಒಂದು ಜೋರು ಗುಡುಗುಮಳೆ ಸಾಕು.

2022ರ ಫೆಬ್ರವರಿ ಕೊನೆಯಲ್ಲಿ ಮೂರೂ ಸೇರಿ ಬಂದವು. ನಗರದಲ್ಲಿ ಸತತ ಮೂರು ದಿನ, ದಿನಕ್ಕೆ 200 ಮಿಲಿಮೀಟರ್‌ಗೂ ಹೆಚ್ಚು ಮಳೆ. ನದಿ 2011ರಷ್ಟು ಏರಲಿಲ್ಲ, ಆದರೂ 2011ರಲ್ಲಿ ಒಣಗಿದ್ದ ಕೆಲವು ಕಡೆ ನೀರು ಬಂತು. ಹೊಸ ಅಪಾರ್ಟ್‌ಮೆಂಟುಗಳ ಪಾಡು ಕಣ್ಣು ತೆರೆಸುವಂಥದ್ದು. ಏಳನೇ ಮಹಡಿಯ ಮನೆಗೆ ನೀರು ಬರುವ ಮಾತೇ ಇಲ್ಲ. ಆದರೆ ಕಟ್ಟಡದ ವಿದ್ಯುತ್ ಸ್ವಿಚ್‌ಬೋರ್ಡ್, ಪಂಪು, ಲಿಫ್ಟಿನ ಯಂತ್ರ, ಕಾರು ಎಲ್ಲ ಬೇಸ್‌ಮೆಂಟಿನಲ್ಲಿದ್ದರೆ? ಬೇಸ್‌ಮೆಂಟ್ ತುಂಬಿತು, ಕರೆಂಟು ಹೋಯಿತು, ಲಿಫ್ಟ್ ನಿಂತಿತು. ಮೇಲಿನವರು ಒಣಗಿದ ಮನೆಯಲ್ಲಿದ್ದೂ ಮನೆ ಬಿಟ್ಟು ಹೋಗಬೇಕಾಯಿತು, ವಯಸ್ಸಾದವರು ಮೆಟ್ಟಿಲಿಳಿಯಲು ಪಟ್ಟ ಕಷ್ಟ ಬೇರೆ. ನೀರು ಇಳಿದ ಮೇಲೂ ಎಲೆಕ್ಟ್ರಿಷಿಯನ್ ಬಂದು ಸರಿಮಾಡಿ ಪರೀಕ್ಷಿಸುವ ತನಕ ಕರೆಂಟು ಬರುವುದಿಲ್ಲ. ಅದೇ ವರ್ಷ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 74.1 ಕೋಟಿ ಡಾಲರಿನ ನಿಧಿ ಮಾಡಿದವು. ಮುಳುಗುವ ಮನೆಗಳನ್ನು ಎತ್ತರಿಸಲು, ನೀರು ಬಂದರೂ ಬೇಗ ತೊಳೆದು ಒಣಗಿಸುವಂತೆ ಬದಲಿಸಲು, ತೀರಾ ಅಪಾಯದವನ್ನು ಸರ್ಕಾರವೇ ಕೊಂಡು ಕೆಡವಲು. ನಿಜ ಹೇಳಬೇಕೆಂದರೆ ಮರದ ಕ್ವೀನ್ಸ್‌ಲ್ಯಾಂಡರ್ ಮನೆಯನ್ನು ಜಾಕ್ ಕೊಟ್ಟು ಎತ್ತಬಹುದು. ಕಾಂಕ್ರೀಟ್ ಕಟ್ಟಡದ ಬೇಸ್‌ಮೆಂಟನ್ನು ಎತ್ತುವುದು ಹೇಗೆ?

ಇಷ್ಟೆಲ್ಲ ಆದಮೇಲೂ ತಗ್ಗಿನಲ್ಲೇ ಇನ್ನೂ ಕಟ್ಟಬೇಕೇ ಎಂಬುದು ಇಲ್ಲಿನ ರಾಜಕೀಯದ ದೊಡ್ಡ ವಿಷಯ. 2023ರಲ್ಲಿ ಕೌನ್ಸಿಲ್ ಕುರಿಲ್ಪಾ ಪ್ರದೇಶದ ಕೆಲವು ಕಡೆ 90 ಮಹಡಿವರೆಗೂ ಕಟ್ಟಲು ಬಿಡುವ ಯೋಜನೆ ಮುಂದಿಟ್ಟಿತು. ನಗರದ ಹತ್ತಿರ ಮನೆಗಳ ಕೊರತೆ ತೀವ್ರವಾಗಿದೆ, ಬಾಡಿಗೆ ಕಟ್ಟಲಾಗದೆ ಜನ ದೂರ ಹೋಗುತ್ತಿದ್ದಾರೆ, ಇದೂ ಸುಳ್ಳಲ್ಲ. ನೆರೆ ಬರುವ ಕಡೆ ಜನರನ್ನು ತುಂಬಬೇಡಿ ಅನ್ನುವವರದ್ದೂ ಸುಳ್ಳಲ್ಲ. ಸೌತ್ ಬ್ರಿಸ್ಬೇನ್ ವಿಧಾನಸಭಾ ಕ್ಷೇತ್ರವನ್ನು 2020ರಲ್ಲಿ ಗ್ರೀನ್ಸ್ ಪಕ್ಷ ಗೆದ್ದಿತು, 2024ರಲ್ಲಿ ಲೇಬರ್ ವಾಪಸ್ ಪಡೆಯಿತು. ಕಟ್ಟುವುದಾದರೆ ಸ್ವಿಚ್‌ಬೋರ್ಡನ್ನಾದರೂ ಮೇಲಿನ ಮಹಡಿಗೆ ಏರಿಸಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಯಾವ ಪಕ್ಷವೂ ಬೇಕಿಲ್ಲ.

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂಬ ಮಾತು ಮನೆ ಹುಡುಕುವಾಗ ಖಂಡಿತ ಕೇಳುತ್ತೀರಿ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಅಂತ ಅದರರ್ಥವಲ್ಲ. ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ 1 ಶೇಕಡಾ ಅಂತ. ಹೋದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ಅದೇ 1 ಶೇಕಡಾ. 30 ವರ್ಷದ ಸಾಲ ತೆಗೆದು ಮನೆ ಕೊಂಡರೆ, ಸಾಲ ತೀರುವುದರೊಳಗೆ ಒಮ್ಮೆಯಾದರೂ ಅದನ್ನು ನೋಡುವ ಸಾಧ್ಯತೆ ಸುಮಾರು 26 ಶೇಕಡಾ. ನಾಲ್ಕರಲ್ಲಿ ಒಂದು. ಹೀಗೆ ಹೇಳಿದರೆ ಕಿವಿಗೆ ಬೇರೆಯೇ ಕೇಳಿಸುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ 2011ರಲ್ಲಿ ಎಷ್ಟೋ ಜನ ಕೈಸುಟ್ಟುಕೊಂಡರು. ಮಳೆನೀರು ನುಗ್ಗಿದರೆ ಪರಿಹಾರ, ನದಿ ಉಕ್ಕಿ ಬಂದರೆ ಇಲ್ಲ ಅಂತ ಪಾಲಿಸಿಗಳಿದ್ದವು. ಒಂದೊಂದು ಕಂಪನಿ ನೆರೆಗೆ ಒಂದೊಂದು ವ್ಯಾಖ್ಯೆ ಕೊಡುತ್ತಿತ್ತು. 2012ರಲ್ಲಿ ಸರ್ಕಾರ ಎಲ್ಲರಿಗೂ ಒಂದೇ ವ್ಯಾಖ್ಯೆ ತಂದಿತು. ಆದರೂ ನೆರೆಯ ರಕ್ಷಣೆ ಬೇಕೋ ಬೇಡವೋ ಅಂತ ಕೆಲವು ಪಾಲಿಸಿಗಳಲ್ಲಿ ಬಿಟ್ಟುಬಿಡುವ ಅವಕಾಶವಿರುತ್ತದೆ, ಕಂತು ಕಡಿಮೆಯಾಗಲಿ ಅಂತ ಅದನ್ನು ತೆಗೆಸಿದವರೂ ಇದ್ದಾರೆ. ತಗ್ಗಿನ ಮನೆಗೆ ಕಂತು ಎಷ್ಟಾಗುತ್ತದೆ ಅಂತ ಮನೆ ಇಷ್ಟವಾದ ದಿನವೇ, ಬೆಲೆ ಮಾತಾಡುವ ಮುಂಚೆಯೇ, ವಿಳಾಸ ಹಾಕಿ ವಿಚಾರಿಸಿ. ಬಾಡಿಗೆಗೆ ಇರುವವರೂ ತಮ್ಮ ಸಾಮಾನಿಗೆ ಇನ್ಶೂರೆನ್ಸ್ ಮಾಡಿಸಬೇಕು. ಮಾಲೀಕರ ಪಾಲಿಸಿ ನಿಮ್ಮ ಲ್ಯಾಪ್‌ಟಾಪಿಗೂ ಸೋಫಾಗೂ ಬರುವುದಿಲ್ಲ.

ಇನ್ನು ಪತ್ತೆ ಮಾಡುವುದು ಹೇಗೆ ಅಂದರೆ, ಬ್ರಿಸ್ಬೇನ್ ಸಿಟಿ ಕೌನ್ಸಿಲ್ ಪ್ರತಿ ವಿಳಾಸಕ್ಕೂ ಫ್ಲಡ್‌ವೈಸ್ ಎಂಬ ವರದಿಯನ್ನು ಬಿಟ್ಟಿಯಾಗಿ ಕೊಡುತ್ತದೆ. ಆನ್‌ಲೈನಿನಲ್ಲೇ ಸಿಗುತ್ತದೆ. ಅದರಲ್ಲಿ ನೆಲದ ಮಟ್ಟ ಮತ್ತು ನೆರೆ ಬರಬಹುದಾದ ಮಟ್ಟ ಎರಡೂ ಮೀಟರಿನಲ್ಲಿ ಇರುತ್ತವೆ. ಒಂದನ್ನು ಇನ್ನೊಂದರಿಂದ ಕಳೆದರೆ ನೀರು ಎಲ್ಲಿಯವರೆಗೆ ಬರಬಹುದು ಅಂತ ಗೊತ್ತಾಗುತ್ತದೆ, ಮೊಣಕಾಲಿಗೋ ಸೊಂಟಕ್ಕೋ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 2025ರ ಆಗಸ್ಟ್ 1ರಿಂದ ಮನೆ ಮಾರುವವರು ಆಸ್ತಿಯ ವಿವರಗಳ ಹೇಳಿಕೆ ಕೊಡುವುದು ಕಡ್ಡಾಯ. ಒಳ್ಳೆಯ ಕಾನೂನು, ಆದರೆ ಆ ಮನೆಗೆ ಹಿಂದೆ ನೆರೆ ಬಂದಿತ್ತೇ ಎಂಬುದು ಆ ಹೇಳಿಕೆಯಲ್ಲಿ ಸೇರಿಲ್ಲ. ಅದನ್ನು ನೀವೇ ಹುಡುಕಬೇಕು. ಹಾಗಾಗಿ ಮನೆ ನೋಡಲು ಹೋದಾಗ ಬಾಲ್ಕನಿಗೆ ಹೋಗುವ ಮುಂಚೆ ಬೇಸ್‌ಮೆಂಟಿಗೆ ಇಳಿಯಿರಿ, ಸ್ವಿಚ್‌ಬೋರ್ಡ್ ಎಲ್ಲಿದೆ ಅಂತ ಕೇಳಿ, 2022ರಲ್ಲಿ ಕರೆಂಟು ಎಷ್ಟು ದಿನ ಇರಲಿಲ್ಲ ಅಂತ ಏಜೆಂಟರನ್ನಲ್ಲ, ಲಿಫ್ಟಿನಲ್ಲಿ ಸಿಕ್ಕ ಹಳಬರನ್ನು ಕೇಳಿ. ಅಪಾರ್ಟ್‌ಮೆಂಟ್ ಕೊಳ್ಳುವುದಾದರೆ ಮಾಲೀಕರ ಸಂಘದ ಸಭೆಗಳ ನಡಾವಳಿ ತರಿಸಿ ಓದಿ. ನೆರೆಯ ನಂತರ ಏನೇನು ರಿಪೇರಿ ಆಯಿತು, ದುಡ್ಡು ಯಾರು ಕೊಟ್ಟರು, ಏನು ಇನ್ನೂ ಬಾಕಿ ಇದೆ ಅಂತ ಅದರಲ್ಲಿ ಇರುತ್ತದೆ.